ಮೂರೇ ವಾರದಲ್ಲಿ ಪಾಸಾದ ಗಂಗೂ

ಮಾರ್ಚ್ 31, 2006, ಶುಕ್ರವಾರ. ಲಿಂಗಂಪಲ್ಲಿ

ಈ ಡೈರಿ ಅಳಿಯನ ಆಫೀಸಿನವರು ಹೊಸ ವರ್ಷಕ್ಕೆ ಕೊಟ್ಟಿದ್ದು. ರಟ್ಟು ಎಷ್ಟು ಮೆತ್ತಗಿದೆಯೆಂದರೆ ತಲೆಗಿಟ್ಟುಕೊಂಡು ಮಲಗಬಹುದು. ಯುಗಾದಿಯ ತನಕ ಒಂದಕ್ಷರ ಬಿದ್ದಿಲ್ಲ. "ತಗೋರಿ ಮಾಮಾ, ನನಗ ಬರಿಯಾಕ ಟೈಮ್ ಎಲ್ಲಿ ಐತಿ" ಎಂದು ಚಂದ್ರಕಾಂತ ಅವರೇ ನನ್ನ ಕೈಗೆ ಹಾಕಿದರು. ಸೇಡಂಗೆ ಪತ್ರ ಬರೆಯುವುದು ನನಗಿಷ್ಟ. ಆದರೆ ಹೆಂಡತಿ ಯಂಕಮ್ಮನಿಗೆ ಅದನ್ನು ಓದಿ ಹೇಳುವವನು ನಮ್ಮ ಮಗ ಅಂಬಾದಾಸ. ಅವನು ಓದುವುದು ಗಿರಣಿಯಲ್ಲಿ ನಿಂತು, ಮೋಟಾರಿನ ಸದ್ದಿಗಿಂತ ಮೇಲಿನ ದನಿಯಲ್ಲಿ. ಜೋಳ ಬೀಸಿಸಲು ಬಂದವರೆಲ್ಲ ನನ್ನ ಮನಸ್ಸಿನ ಮಾತು ಕೇಳಿಕೊಂಡು ಹೋಗುತ್ತಾರೆ. ಆದ್ದರಿಂದ ಮನಸ್ಸಿನ ಮಾತು ಇನ್ನು ಇಲ್ಲಿ.

ನಾನು ಬಂದಿರುವುದು ಮೊಮ್ಮಗಳು ಗಂಗೂಗಾಗಿ. ಪೂರ್ತಿ ಹೆಸರು ಶಿವಗಂಗಾ, ಇನ್ನೂ ನಾಲ್ಕು ತುಂಬಿಲ್ಲ. ಮಗಳು ಭಾಗ್ಯಶ್ರೀ ಮತ್ತು ಅಳಿಯ ಇಬ್ಬರೂ ಕಂಪ್ಯೂಟರ್ ಆಫೀಸಿನವರು. ಕೂಸನ್ನು ಶಾಲೆಗೆ ಬಿಟ್ಟು ಕರೆತರಲು ಒಬ್ಬ ಹಿರಿಯ ಬೇಕಾಗಿತ್ತು. ಶಾಲೆ ಸೋಮವಾರ ಶುರುವಂತೆ. ಏಪ್ರಿಲ್ ತಿಂಗಳಲ್ಲಿ!

"ಸಾಲಿ ಅಂದ್ರ ಜೂನ್‌ದಾಗ ಅಲ್ಲೇನವಾ? ಮಿರಗದ ಮಳಿ ಬೀಳಬೇಕು, ಹುಡುಗರು ತಲಿಮ್ಯಾಲ ಗೊಬ್ಬರದ ಚೀಲ ಹಾಕ್ಕೊಂಡು ಓಡಬೇಕು. ಈ ಬಿಸಲಾಗ ಯಾರ ಶುರು ಮಾಡ್ತಾರ?" ಎಂದೆ.

"ಇಲ್ಲಿ ಹಂಗೇ ಅಪ್ಪಾ" ಎಂದಳು ಭಾಗ್ಯಶ್ರೀ.

ಲಿಫ್ಟಿನಲ್ಲಿ ಕನ್ನಡಿ ಯಾಕೆ ಎಂದು ಕೇಳಿದಾಗಲೂ ಇದೇ ಉತ್ತರ ಬಂದಿತ್ತು.

ಒಂದು ಗುಟ್ಟು. ನಾನು ಮತ್ತು ಯಂಕಮ್ಮ ಮೊದಲೇ ಮಾತಾಡಿಕೊಂಡಿದ್ದೇವೆ. ಕೂಸು ಶಾಲೆಯಲ್ಲಿ ಅಳುತ್ತದೆ. ಇವರು ಸೋಲುತ್ತಾರೆ. ನಾನು ಅವಳನ್ನು ಎತ್ತಿಕೊಂಡು ಸೇಡಂ ರೈಲು ಹತ್ತುತ್ತೇನೆ, ಜೂನ್‌ನಲ್ಲಿ ಊರಿನ ಕನ್ನಡ ಶಾಲೆಗೆ ಹಾಕುತ್ತೇವೆ. ಯಂಕಮ್ಮ ಈ ಸುದ್ದಿಯನ್ನು ಆಗಲೇ ಎಮ್ಮೆಗೂ ಹೇಳಿದ್ದಾಳೆ.

ಏಪ್ರಿಲ್ 3, ಸೋಮವಾರ

ಗಾಜಿನ ಕಟ್ಟಡ. ಗೇಟಿನಲ್ಲಿ ಕಾವಲಿಗೆ ಮಲ್ಲಣ್ಣ ಎಂಬ ಯಾದಗಿರಿ ಕಡೆಯ ಮನುಷ್ಯ. ನನ್ನ ಟೋಪಿ ನೋಡಿದವನೇ "ಬರ್ರಿ ಯಜಮಾನ್ರ, ಯಾ ಊರು?" ಎಂದ. ಒಳಗೆ ಒಂದೊಂದು ಕ್ಲಾಸಿಗೆ ಒಂದೊಂದು ಬಣ್ಣದ ಬಾಗಿಲು. ಗಂಗೂ ಸೇರಿದ ಎಲ್‌ಕೆಜಿಗೆ ಹಳದಿ. ಅದರ ಮುಂದಿನ ಯುಕೆಜಿಗೆ ಹಸಿರು. ನಾನು ಶಾಲೆಗೆ ಹೋದವನಲ್ಲ. ಕಿರಾಣಿ ಪೊಟ್ಟಣದ ಹಳೇ ಪೇಪರು ಬಿಡಿಸಿ ಓದು ಕಲಿತವನು. ಹಾಗಾಗಿ ಎಷ್ಟೋ ಸುದ್ದಿಗಳ ಮೊದಲು ಗೊತ್ತು, ಕೊನೆ ಗೊತ್ತಿಲ್ಲ. ಬಾಗಿಲಿಗೆ ಬಣ್ಣ ಬಳಿದದ್ದು ನನ್ನಂಥವನಿಗೆ ಒಳ್ಳೆಯದಾಯಿತು.

ಗಂಗೂ ಹಳದಿ ಬಾಗಿಲು ಕಂಡದ್ದೇ ನನ್ನ ಧೋತರದ ಚುಂಗು ಹಿಡಿದು ಕಿರುಚಿದಳು. ಟೀಚರು ಅವಳನ್ನು ಎಳೆದರು. ಅವಳು ಧೋತರ ಎಳೆದಳು. ನಾನು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡೆ.

"ಅಯ್ಯಯ್ಯೋ, ಬಿಡಿ ಬಿಡಿ! ತಾತ, ನೀವೂ ಒಳಗೆ ಬಂದ್ಬಿಡಿ" ಎಂದರು ಟೀಚರು. ಮೈಸೂರಿನ ಹುಡುಗಿ, ಶ್ರೀವಿದ್ಯಾ ಮಿಸ್ಸು. ಗಂಡನ ಕೆಲಸಕ್ಕೆಂದು ಈ ಊರಿಗೆ ಬಂದವರು. ಕನ್ನಡ ಕೇಳಿ ಜೀವ ಬಂತು, ಧೋತರವೂ ಉಳಿಯಿತು.

ದೊಡ್ಡ ಮೇಡಂ ಹಿಂದಿಯಲ್ಲಿ ಕಾಯಿದೆ ಹೇಳಿದರು. ಬೇಸಿಗೆ ರಜೆಯವರೆಗೆ ಮನೆಯ ಹಿರಿಯರೊಬ್ಬರು ಎಲ್‌ಕೆಜಿಯಲ್ಲಿ ಜೊತೆಗೆ ಕೂರಬಹುದು. ಜೂನ್‌ನಲ್ಲಿ ತೆರೆದ ಮೇಲೆ ಮಗು ಒಂದೇ ಕೂರಬೇಕು. ಕೂರದಿದ್ದರೆ, ಇಲ್ಲವೇ ಹೇಳದೆ ಕೇಳದೆ ಮೂರು ದಿನ ಬಾರದಿದ್ದರೆ, ಸೀಟು ಕಾಯುತ್ತಿರುವ ಬೇರೆ ಮಗುವಿಗೆ.

ಸಂಜೆ ಭಾಗ್ಯಶ್ರೀಗೆ ಹೇಳಿದೆ. ಅವಳು ಚಹಾದ ಬಟ್ಟಲು ಕೆಳಗಿಟ್ಟಳು. "ಅಪ್ಪಾ, ಆ ಸೀಟು ಹೋತಂದ್ರ ನಾ ಕೆಲಸ ಬಿಡಬೇಕು, ಇಲ್ಲಾ ಗಂಗೂನ್ನ ನಿಮ್ಮ ಕಡೆ ಕಳಸಬೇಕು. ಎರಡೂ ನನ್ನ ಕಡೆ ಆಗಂಗಿಲ್ಲ."

ನಾನು ಚಹಾ ಕುಡಿದೆ. ಯಂಕಮ್ಮನ ಎಮ್ಮೆ ನೆನಪಾಯಿತು.

ಏಪ್ರಿಲ್ 6, ಗುರುವಾರ

ಕುರ್ಚಿ ನನ್ನ ಮೊಣಕಾಲೆತ್ತರ. ಕೂರುವಾಗ ತೊಂದರೆಯಿಲ್ಲ. ಪ್ರಾರ್ಥನೆಗೆ ಎದ್ದಾಗ ಕುರ್ಚಿಯೂ ನನ್ನ ಜೊತೆ ಎದ್ದಿತು. ಅಳುತ್ತಿದ್ದ ಮಕ್ಕಳೆಲ್ಲ ಒಮ್ಮೆಲೇ ಗಪ್. ನಾನು ತಿರುಗಿ ತಿರುಗಿ ಅದನ್ನು ಹುಡುಕಿದಷ್ಟೂ ಅದು ನನ್ನ ಹಿಂದೆಯೇ. ಕೊನೆಗೆ ಆಯಾ ಬಂದು ಎಳೆದು ಕಿತ್ತಳು.

"ತಾತ, ನಾಳೆನೂ ಇದನ್ನ ಮಾಡ್ತೀರಾ? ಅಳು ನಿಂತೋಯ್ತು" ಎಂದರು ಶ್ರೀವಿದ್ಯಾ ಮಿಸ್ಸು.

ಮಾಡಿದೆ. ಮಕ್ಕಳ ಸಲುವಾಗಿ.

ಹಣ್ಣಿನ ಚಿತ್ರ ತೋರಿಸಿ ಇದೇನು ಎಂದರೆ ನಾನು ತಟ್ಟನೆ "ಕಿತ್ತಳೆ" ಎಂದೆ. "ತಾತ, ನೀವು ಉತ್ತರ ಹೇಳ್ಬಾರ್ದು" ಎಂದರು. ಗಂಗೂ ನನ್ನ ಕಡೆ ತಿರುಗಿ, "ಅಜ್ಜಾ, ಬಾಯಿಮ್ಯಾಲ ಬಟ್ಟು ಇಡು" ಎಂದಳು. ಇಟ್ಟೆ. ಒಂದು ತಾಸು ಬೆರಳು ಹಾಗೇ ಇಟ್ಟಿದ್ದೆ, ತೆಗೆ ಎಂದು ಯಾರೂ ಹೇಳಲಿಲ್ಲ.

ಶಾಲೆಯವರು ಕೊರಳಿಗೆ ಒಂದು ಪಟ್ಟಿ ಹಾಕಿದ್ದಾರೆ, ತುದಿಗೆ ಕಾರ್ಡು. ಮಗಳ ಕೊರಳಲ್ಲೊಂದು, ಅಳಿಯನ ಕೊರಳಲ್ಲೊಂದು, ಈಗ ನನ್ನ ಕೊರಳಲ್ಲೂ ಒಂದು. ಬೆಳಿಗ್ಗೆ ಮೂವರೂ ಲಿಫ್ಟಿನಲ್ಲಿ ಇಳಿಯುವಾಗ ಅದರ ಕನ್ನಡಿ ಯಾಕಿದೆಯೆಂದು ತಿಳಿಯಿತು.

ಏಪ್ರಿಲ್ 12, ಬುಧವಾರ

ಇಂದು ಗುಂಡಗೆ ಸೊನ್ನೆ ಬರೆದವರ ಅಂಗೈಗೆ ಕೆಂಪು ಚುಕ್ಕೆ ಅಂಟಿಸಿದರು. ಗಂಗೂಗೆ ಬಂತು. ಗೋಡೆ ಕೆರೆಯುತ್ತಿದ್ದ ಹುಡುಗನಿಗೂ ಬಂತು. ನನ್ನ ಸೊನ್ನೆ ಇಬ್ಬರದಕ್ಕಿಂತ ಗುಂಡಗಿತ್ತು. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ.

ಏಪ್ರಿಲ್ 16, ಭಾನುವಾರ

ಶಾಲೆ ಇಲ್ಲ. ಹೊತ್ತು ಹೋಗುವುದಿಲ್ಲ. ಚಂದ್ರಕಾಂತ ಅವರು ಎದ್ದದ್ದೇ ಮಧ್ಯಾಹ್ನ. ಎರಡು ಸಲ ಸುಮ್ಮನೆ ಶಾಲೆಯ ಗೇಟಿನವರೆಗೆ ಹೋಗಿ ಬಂದೆ. "ಇವತ್ತೂ ಸಾಲಿ ಐತೇನ್ರಿ ನಿಮಗ?" ಎಂದು ಮಲ್ಲಣ್ಣ ನಕ್ಕ. ತಲೆಹರಟೆ.

ಏಪ್ರಿಲ್ 22, ಶನಿವಾರ

ಅಬ್ಬಾ, ಈ ಊರಿನ ವೇಗವೇ!

ಇಂದು ಶಾಲೆ ಬೇಸಿಗೆಗೆ ಮುಚ್ಚಿತು. ಮಕ್ಕಳಿಗೆಲ್ಲ ಕಾಗದದ ಕಿರೀಟ ಇಟ್ಟು, ನಗುವ ಸೂರ್ಯನ ಚಿತ್ರವಿದ್ದ ಕಾರ್ಡು ಕೈಗೆ ಕೊಟ್ಟರು. ಶ್ರೀವಿದ್ಯಾ ಮಿಸ್ಸು ಎಲ್ಲರ ಕೈ ಕುಲುಕಿದರು, ನನ್ನದನ್ನೂ. "ತುಂಬಾ ಚೆನ್ನಾಗಿ ಮಾಡಿದ್ಲು ತಾತ. ಜೂನ್ ಹನ್ನೆರಡಕ್ಕೆ ಸಿಗೋಣ" ಎಂದರು. ಅರ್ಥವಾಯಿತು. ಗಂಗೂ ಪಾಸು. ಏಪ್ರಿಲ್‌ನಲ್ಲಿ ಕಾರ್ಡು ಕೊಟ್ಟು ಶಾಲೆ ಮುಚ್ಚಿದರೆಂದರೆ ಪಾಸೋ ಫೇಲೋ ಎರಡರಲ್ಲೊಂದು, ಮತ್ತು ಫೇಲಾದವರಿಗೆ ಯಾರೂ ಕಿರೀಟ ಇಡುವುದಿಲ್ಲ.

ಮೂರೇ ವಾರದಲ್ಲಿ ಒಂದು ಇಯತ್ತೆ! ಸೇಡಂನಲ್ಲಿ ಇದಕ್ಕೆ ಇಡೀ ವರ್ಷ ಕಳೆಯುತ್ತಾರೆ. ಇಲ್ಲಿ ನಿನ್ನೆ ಬಂಡೆ ಇದ್ದ ಜಾಗದಲ್ಲಿ ಇವತ್ತು ಏಳಂತಸ್ತು. ಹಾಗೇ ಇರಬೇಕು.

ಪೇಡೆ ತಂದು ನಮ್ಮ ಅಂತಸ್ತಿನ ಮನೆಗಳಿಗೆಲ್ಲ ಹಂಚಿದೆ. ಭಾಗ್ಯಶ್ರೀಗೆ ಆಫೀಸಿನ ಗಾಡಿ ಬಂದು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಬಾಯಿಗೊಂದು ಪೇಡೆ ಹಾಕಿ, "ಗಂಗೂ ಪಾಸಾದ್ಳವಾ, ಜೂನ್‌ದಾಗ ಮುಂದಿನ ಕ್ಲಾಸಿಗಿ" ಎಂದೆ. ತುಂಬಿದ ಬಾಯಲ್ಲೇ "ಹೂಂ ಹೂಂ ಅಪ್ಪಾ" ಎಂದು ಓಡಿದಳು.

ಮೇ 7, ಭಾನುವಾರ. ಸೇಡಂ

ರಜೆಗೆ ಗಂಗೂನನ್ನು ಕರೆದುಕೊಂಡು ಊರಿಗೆ ಬಂದಿದ್ದೇನೆ. ಮೂರು ವಾರದ ಸುದ್ದಿ ಗಿರಣಿಯ ಮೂಲಕ ಊರೆಲ್ಲ ಹರಡಿದೆ. ನಿವೃತ್ತ ಮಾಸ್ತರ್ ಗುರುಸಿದ್ದಪ್ಪ ಗೋಧಿ ಬೀಸಿಸಲು ಬಂದವರು ಬೆರಳು ಮಡಚಿ ಲೆಕ್ಕ ಹಾಕಿದರು.

"ಮಾಣಿಕಪ್ಪಾ, ಹಿಂಗಾದ್ರ ನಿನ್ನ ಮೊಮ್ಮಗಳು ಬರೂ ಶಿವರಾತ್ರಿಯೊಳಗ ಮೆಟ್ರಿಕ್ ಮುಗಸ್ತಾಳಲ್ಲೋ!"

"ಅದು ಐಟಿ ಊರು ಮಾಸ್ತರ. ನಿಮಗ ತಿಳಿಯಂಗಿಲ್ಲ" ಎಂದೆ.

ಯಂಕಮ್ಮ ರಾತ್ರಿ ಊಟಕ್ಕೆ ಬಡಿಸುತ್ತ ಹಳೇ ಮಾತು ತೆಗೆದಳು. "ಏನ್ರೀ, ಕೂಸು ಇಲ್ಲೇ ಇರ್ಲಿ. ಎಮ್ಮಿ ಸೈತ ಅಕಿನ್ನ ಹಚ್ಚಿಕೊಂಡೈತಿ."

"ಎಮ್ಮಿ ಹಚ್ಚಿಕೊಂಡ್ರ ಏನ್ ಮಾಡ್ಲಿ? ಹುಡುಗಿ ಪಾಸಾಗ್ಯಾಳ. ಪಾಸಾದ ಹುಡುಗಿನ್ನ ಮನ್ಯಾಗ ಕೂಡಿಸಿಕೊಳ್ಳೂದೇನು?"

"ನೀವೇ ಹೇಳಿದ್ರಲ್ಲ?"

ನಾನು ಯಾವಾಗ ಹೇಳಿದ್ದೆ? ಹೇಳಿರಬಹುದು. ಆಗ ಶಾಲೆ ನೋಡಿರಲಿಲ್ಲ.

ಜೂನ್ 12, ಸೋಮವಾರ. ಲಿಂಗಂಪಲ್ಲಿ

ಮಳೆ. ಛತ್ರಿ. ಹೊಸ ಬೂಟು. ಈಗ ನೋಡು, ಇದು ಶಾಲೆ ಶುರುವಾಗುವ ದಿನದ ಹಾಗಿದೆ.

ದಾರಿಯಲ್ಲಿ ಗಂಗೂಗೆ ತಿಳಿಸಿ ಹೇಳಿದೆ. "ಇನ್ನ ನೀ ಹಸಿರು ಬಾಗಲಾ. ಹಸಿರು ಬಾಗಲದಾಗ ಅಜ್ಜಗೋಳು ಕೂಡಂಗಿಲ್ಲ. ಅಜ್ಜಗೋಳು ಸಣ್ಣ ಹುಡುಗರ ಕ್ಲಾಸಿಗಿ ಅಷ್ಟೇ."

"ನಾ ದೊಡ್ಡಾಕಿ?"

"ಪಾಸ್ ಆಗೀಯಲ್ಲ!"

ಒಳಗೆ ಜಾತ್ರೆಯಂಥ ಗದ್ದಲ. ಹಳದಿ ಬಾಗಿಲಲ್ಲಿ ಶ್ರೀವಿದ್ಯಾ ಮಿಸ್ಸು ಎರಡು ಕಂಕುಳಲ್ಲಿ ಎರಡು ಅಳುವ ಕೂಸು ಹಿಡಿದು ನಿಂತಿದ್ದರು. ಹೊಸದಾಗಿ ಸೇರಿದವು. ದೂರದಿಂದ ಕೈಮುಗಿದೆ; ಅವರಿಗೆ ಕಾಣಲಿಲ್ಲ. ಹಸಿರು ಬಾಗಿಲಲ್ಲಿದ್ದ ಟೀಚರು ಇವತ್ತೇ ಕೆಲಸಕ್ಕೆ ಸೇರಿದ ತೆಲುಗಿನವರು. ಹೊಸ ಮಗುವೆಂದು ತಿಳಿದರೋ ಏನೋ, "ರಾ ಅಮ್ಮಾ, ರಾ" ಎಂದು ಕೈ ಹಿಡಿದು ಕರೆದುಕೊಂಡರು. ಗಂಗೂ ಹೋದಳು. ಧೋತರ ಮುಟ್ಟಲಿಲ್ಲ, ತಿರುಗಿಯೂ ನೋಡಲಿಲ್ಲ. ಸೀಟಿನ ಚಿಂತೆ ಮುಗಿಯಿತು!

ನಾನು ಸ್ವಲ್ಪ ಹೊತ್ತು ನಿಂತೆ. ತಿರುಗಿ ನೋಡಬಹುದಿತ್ತು, ಒಂದು ಸಲ.

ಜೂನ್ 14, ಬುಧವಾರ

ಮನೆಯ ಫೋನು ನಿನ್ನೆಯಿಂದ ಪದೇಪದೇ ಬಡಿದುಕೊಳ್ಳುತ್ತಿದೆ. ಎತ್ತಿದರೆ ಒಂದು ಹೆಣ್ಣುದನಿ, ಎಲ್ಲ ಇಂಗ್ಲಿಷು. ಇಂಗ್ಲಿಷಿನಲ್ಲಿ ಬಂದರೆ ಕ್ರೆಡಿಟ್ ಕಾರ್ಡ್ ಮಾರುವವರು, ಬೇಡವೆಂದು ಇಟ್ಟುಬಿಡು ಎಂದು ಭಾಗ್ಯಶ್ರೀ ಮೊದಲೇ ಹೇಳಿದ್ದಾಳೆ. "ಕ್ರೆಡಿಟ್ ಕಾರ್ಡ್ ನಹೀ ಚಾಹಿಯೇ" ಎಂದು ಇಟ್ಟೆ. ಇವತ್ತು ಮತ್ತೆ ಮೂರು ಸಲ. ಕೊನೆಯ ಸಲ ಆ ಹುಡುಗಿ ಅಳುವಂತಿದ್ದಳು. ಪಾಪ, ಒಂದು ಕಾರ್ಡೂ ಮಾರಾಟವಾಗಿಲ್ಲವೇನೋ.

ಗಂಗೂ ಸಂಜೆ ಇಪ್ಪತ್ತರವರೆಗೆ ಎಣಿಸಿದಳು. ಹದಿನಾಲ್ಕು ಬಿಟ್ಟಳು. ಯುಕೆಜಿಯಲ್ಲಿ ಅದನ್ನು ಬಿಡುತ್ತಾರೇನೋ.

ಜೂನ್ 15, ಗುರುವಾರ

ಹೇಗೆ ಬರೆಯಲಿ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಗಂಗೂನನ್ನು ಬಿಟ್ಟು ಬಂದು ಬೇಳೆ ಆರಿಸುತ್ತ ಕೂತಿದ್ದೆ. ಭಾಗ್ಯಶ್ರೀ ಬಾಗಿಲು ದೂಡಿಕೊಂಡು ಬಂದಳು, ಆಫೀಸಿನ ಹೊತ್ತಿನಲ್ಲಿ, ಕೊರಳಪಟ್ಟಿ ಬೆನ್ನಿಗೆ ತಿರುಗಿತ್ತು.

"ಅಪ್ಪಾ, ಗಂಗೂ ಎಲ್ಲಿ?"

"ಸಾಲ್ಯಾಗ."

"ಯಾವ ಸಾಲ್ಯಾಗ? ಸಾಲಿಯವ್ರು ನನ್ನ ಆಫೀಸಿಗಿ ಫೋನ್ ಮಾಡ್ಯಾರ! ಸಾಲಿ ತೆರೆದಾಗಿಂದ ನಿಮ್ಮ ಕೂಸು ಒಂದಿನಾನೂ ಬಂದಿಲ್ಲಂತ. ಮನಿಗಿ ಫೋನ್ ಮಾಡಿದ್ರ ಯಾರೋ ಮುದುಕ ಕಾರ್ಡ್ ಬ್ಯಾಡ ಅಂತ ಇಡ್ತಾನಂತ. ದಿನಾ ಮುಂಜಾನಿ ಅಕಿನ್ನ ಎಲ್ಲಿ ಬಿಟ್ಟು ಬರಾಕತ್ತೀ ನೀ?"

ಬೇಳೆಯ ಮೊರ ಕೈಯಿಂದ ಜಾರಿತು. ಇಬ್ಬರೂ ಆಟೋದಲ್ಲಿ ಓಡಿದೆವು. ದಾರಿಯುದ್ದಕ್ಕೂ ಅವಳು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು. ಶಾಲೆಯೊಳಗೆ ನುಗ್ಗಿ ಅವಳು ಹಳದಿ ಬಾಗಿಲಿಗೆ ಹೋದಳು, ನಾನು ನೇರ ಹಸಿರು ಬಾಗಿಲಿಗೆ.

"ಇಲ್ಲಿ ಬಾ. ನೋಡು, ಕುಂತಾಳಲ್ಲ!"

ತನಗಿಂತ ಗೇಣುದ್ದ ಎತ್ತರದ ಮಕ್ಕಳ ನಡುವೆ ಗಂಗೂ ನಾಲಿಗೆ ಹೊರಗೆ ಹಾಕಿ ಏನೋ ಬರೆಯುತ್ತಿದ್ದಳು. ಭಾಗ್ಯಶ್ರೀ ಗೋಡೆಗೆ ಒರಗಿದಳು. ಉಸಿರು ಬಂದ ಮೇಲೆ ಹೇಳಿದಳು, "ಅಪ್ಪಾ, ಇದು ಯುಕೆಜಿ."

"ಹೌದು. ಎಲ್‌ಕೆಜಿ ಪಾಸಾಗ್ಯಾಳಲ್ಲ."

"ಯಾವಾಗ ಪಾಸಾದ್ಳು?"

"ಏಪ್ರಿಲ್‌ದಾಗ. ಪೇಡೆ ನೀನೂ ತಿಂದಿ."

ಅಷ್ಟರಲ್ಲಿ ಶ್ರೀವಿದ್ಯಾ ಮಿಸ್ಸು ಬಂದರು, ದೊಡ್ಡ ಮೇಡಂ ಬಂದರು. ಮಿಸ್ಸು ನನಗೆ ಬಿಡಿಸಿ ಹೇಳಿದರು. ಈ ಶಾಲೆಯ ವರ್ಷ ಏಪ್ರಿಲ್‌ಗೆ ಹುಟ್ಟುತ್ತದಂತೆ. ಮೂರು ವಾರ ನಡೆದು, ಬಿಸಿಲಿಗೆ ಮಲಗಿ, ಜೂನ್‌ನಲ್ಲಿ ಎದ್ದು, ಬರುವ ಮಾರ್ಚಿನವರೆಗೆ ಅದೇ ಕ್ಲಾಸು, ಅದೇ ಬಾಗಿಲು. "ಅದು ಬರೀ ರಜಾ ತಾತ."

"ಹಂಗ ಹ್ಯಾಂಗ್ರಿ? ನಮ್ಮ ಕಡೆ ಬ್ಯಾಸಗಿ ರಜಾದ ಈಚಿಗಿ ಒಂದ ಕ್ಲಾಸು, ಆಚಿಗಿ ಇನ್ನೊಂದು. ನಡುವ ರಜಾ ಬಂದ ಮ್ಯಾಲೂ ಅದೇ ಕ್ಲಾಸ್ ಅಂದ್ರ ಅದಕ್ಕ ಫೇಲ್ ಅಂತೀವ್ರಿ."

ದೊಡ್ಡ ಮೇಡಂ ಮುಖ ಆಚೆ ತಿರುಗಿಸಿದರು. ಭುಜ ಮಾತ್ರ ಕುಣಿಯುತ್ತಿದ್ದವು. ತಿರುಗಿದಾಗ ಮತ್ತೆ ಕಾಯಿದೆಯ ಮುಖ. ಎಲ್‌ಕೆಜಿಯ ಸೀಟು ಖಾಲಿಯೆಂದು ಇನ್ನೊಂದು ಮಗುವಿನ ತಂದೆಗೆ ಆಗಲೇ ಮಾತು ಕೊಟ್ಟಿದ್ದಾರೆ, ಅವರು ನಾಳೆ ಬೆಳಿಗ್ಗೆ ಬರುತ್ತಾರೆ. ಯುಕೆಜಿಗೆ ಗಂಗೂಳ ವಯಸ್ಸು ಸಾಲದು. ನಾಳೆ ಅವಳು ಹಳದಿ ಬಾಗಿಲಲ್ಲಿ, ಹಿರಿಯರಿಲ್ಲದೆ, ತನ್ನ ಜಾಗದಲ್ಲಿ ಕೂತರೆ ಸೀಟು ಅವಳದು. ಅತ್ತು ಮನೆಗೆ ಹೊರಟರೆ ಅದು ಆ ಮಗುವಿನದು.

ಗಂಗೂನನ್ನು ಹಸಿರು ಬಾಗಿಲಿಂದ ಹೊರಗೆ ಕರೆತಂದರು. "ನಾ ಪಾಸ್ ಆಗೀನಿ!" ಎಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಶಾಲೆ ತೆರೆದಾಗಿನಿಂದ ಅಳದಿದ್ದ ಕೂಸನ್ನು ನಾನೇ ಅಳಿಸಿದ ಹಾಗಾಯಿತು.

ಸಂಜೆಯೆಲ್ಲ ಅವಳನ್ನು ಒಲಿಸುವುದೇ ಕೆಲಸ. ಹಸಿರು ಕೋಣೆಯ ಫ್ಯಾನು ಕೆಟ್ಟಿದೆ ಎಂದೆ. "ನೀ ರಿಪೇರಿ ಮಾಡು" ಎಂದಳು. ಚಂದ್ರಕಾಂತ ಅವರು ಒಂದು ಹಾಳೆಯಲ್ಲಿ ದೊಡ್ಡ ಗುಂಡು ಬರೆದು, ಅದರ ಸುತ್ತ ಬಾಣ ಹಾಕಿ, ವರ್ಷ ಹೇಗೆ ತಿರುಗುತ್ತದೆಂದು ಆಫೀಸಿನ ರೀತಿಯಲ್ಲಿ ವಿವರಿಸಿದರು. ಗಂಗೂ ಅದಕ್ಕೆ ಎರಡು ಕಿವಿ, ಮೀಸೆ ಬರೆದು ಬೆಕ್ಕು ಮಾಡಿದಳು. ಭಾಗ್ಯಶ್ರೀ ನಾಳೆ ಆಫೀಸಿಗೆ ಉಡುವ ಬಟ್ಟೆ ಇಸ್ತ್ರಿ ಮಾಡಿದಳು, ಮಾಡಿದ್ದನ್ನೇ ಮತ್ತೆ ಮಾಡಿದಳು.

ಯಂಕಮ್ಮ ಫೋನ್ ಮಾಡಿದಳು. "ಸೀಟ್ ಹೋದ್ರ ಹೋತು ಬಿಡ್ರಿ. ಕರಕೊಂಡು ಬಂದ್ಬಿಡ್ರಿ ಕೂಸಿನ್ನ."

"ಯಾರ ಸೀಟು ಹೋತು? ಅದು ನಮ್ಮ ಹುಡುಗಿ ಸೀಟು! ನೀ ಎಮ್ಮಿ ನೋಡ್ಕೋ ಹೋಗು" ಎಂದು ಫೋನು ಕುಕ್ಕಿದೆ.

ಅವಳ ಮೇಲೆ ಯಾಕೆ ರೇಗಿದೆನೋ ತಿಳಿಯದು. ಅವಳು ಹೇಳಿದ್ದು ನಮ್ಮಿಬ್ಬರ ಮಾತೇ ತಾನೆ.

ಜೂನ್ 16, ಶುಕ್ರವಾರ

ಹಳದಿ ಬಾಗಿಲಿನ ಮುಂದೆ ಗಂಗೂ ಕಂಬದ ಹಾಗೆ ನಿಂತಳು. ಅಳಲಿಲ್ಲ, ಒಳಗೂ ಹೋಗಲಿಲ್ಲ. ಭಾಗ್ಯಶ್ರೀ ಒಂದು ಪಕ್ಕ, ನಾನು ಒಂದು ಪಕ್ಕ. ವರಾಂಡದ ಆ ತುದಿಯಲ್ಲಿ ದೊಡ್ಡ ಮೇಡಂ. ಅವರ ಹಿಂದೆ ಕೈಯಲ್ಲಿ ಪುಟ್ಟ ಚೀಲ ಹಿಡಿದ ಒಬ್ಬ ತಂದೆ. ಆ ಚೀಲದ ಮೇಲಿನ ಮೊಲದ ಚಿತ್ರ ಕಂಡು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೋಣೆಯೊಳಗೆ ಹೊಸ ಮಕ್ಕಳ ಅಳು ಭಜನೆಯ ಹಾಗೆ ನಡೆದಿತ್ತು. ಒಬ್ಬ ನಿಲ್ಲಿಸಿದರೆ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ಶ್ರೀವಿದ್ಯಾ ಮಿಸ್ಸು ಅಳುವವರ ಕೈಗೆ ಒಂದೊಂದು ಬಿಸ್ಕೀಟು ಕೊಡುತ್ತ ಓಡಾಡುತ್ತಿದ್ದರು. ಅಮಿತ ಎಂಬ ಗುಂಡು ಹುಡುಗ ಹೊಸ್ತಿಲ ಮೇಲೆಯೇ ಬಿದ್ದು, ನೀರಿನ ಬಾಟಲಿ ಅಪ್ಪಿಕೊಂಡು ಹೊರಳುತ್ತಿದ್ದ.

ಗಂಗೂ ಅವನನ್ನು ನೋಡಿದಳು. ಸೊಂಟದ ಮೇಲೆ ಕೈ ಇಟ್ಟಳು.

"ಏಯ್, ಯಾಕ ಅಳ್ತಿ? ಏಳು. ನಾ ಹಸಿರು ಬಾಗಲದಾಕಿ ಬಂದೀನಿ."

ಹುಡುಗನಿಗೆ ಕನ್ನಡ ಬಾರದು. ಆದರೂ ಗಪ್ಪನೆ ಎದ್ದ. ಗಂಗೂ ಅವನ ಮೂಗನ್ನು ಅವನ ಅಂಗಿಯಿಂದಲೇ ಒರೆಸಿ, ಕೈ ಹಿಡಿದು ಒಳಗೆ ಒಯ್ದು, ಕುರ್ಚಿ ಎಳೆದು ಕೂರಿಸಿದಳು. ಆಮೇಲೆ ಕಿಟಕಿಗೆ ಜೋತುಬಿದ್ದಿದ್ದ ಹುಡುಗಿಯ ಬಳಿ ಹೋದಳು. ಆಮೇಲೆ ಮೇಜಿನ ಕೆಳಗಿದ್ದವನ ಬಳಿ. ಮೇಜಿನ ಕೆಳಗಿನವನು ಹೊರಬರಲು ಒಪ್ಪದೆ ಇದ್ದಾಗ ತಾನೂ ಒಳಗೆ ತೂರಿ ಏನೋ ಬೈದಳು. ಹೊರಬಂದ.

"ಶಿವಗಂಗಾ, ಈ ಕಡೆ ಇನ್ನೂ ಇಬ್ಬರಿದ್ದಾರೆ ನೋಡಮ್ಮ" ಎಂದರು ಮಿಸ್ಸು, ಸುಸ್ತಾಗಿ.

"ಬಂದೆ ತಡೀರಿ ಮಿಸ್" ಎಂದು, ಅಮಿತನ ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಜಾಗ ಹಿಡಿದು, ಆ ಕಡೆ ನಡೆದಳು.

ದೊಡ್ಡ ಮೇಡಂ ಬಾಗಿಲವರೆಗೆ ಬಂದು ಇಣುಕಿದರು. ಹಿಂತಿರುಗಿ ಮೊಲದ ಚೀಲದವರಿಗೆ ಮೆಲ್ಲಗೆ ಏನೋ ಹೇಳಿದರು. ಅವರು ಹೋದರು. ಭಾಗ್ಯಶ್ರೀ ನನ್ನ ಹೆಗಲಿಗೆ ಒಮ್ಮೆ ಹಣೆ ಒತ್ತಿ, ಕೊರಳಪಟ್ಟಿ ಸರಿಮಾಡಿಕೊಂಡು, "ಅಪ್ಪಾ, ನಂದು ಮೀಟಿಂಗ್ ಐತಿ!" ಎಂದು ಮೆಟ್ಟಿಲು ಹಾರಿ ಇಳಿದಳು.

ನಾನು ಬಾಗಿಲಲ್ಲಿಯೇ ಇದ್ದೆ. ಇನ್ನೊಂದು ಸ್ವಲ್ಪ ನೋಡಿ ಹೋಗೋಣವೆಂದು. ಗಂಗೂ ಕೆಲಸ ಬಿಟ್ಟು ನನ್ನ ಹತ್ತಿರ ಬಂದಳು. ತಲೆಯೆತ್ತಿ ನನ್ನ ಮುಖ ನೋಡಿ ಉಸಿರುಬಿಟ್ಟಳು, ಥೇಟ್ ಯಂಕಮ್ಮನ ಹಾಗೆ.

"ಅಜ್ಜಾ, ನೀ ಮನಿಗಿ ಹೋಗು. ಅ‍ಳವ್ರು ಒಳಗೇ ಭಾಳ ಮಂದಿ ಅದಾರ. ನಿನ್ನ ಸಂಜಿಕ್ಕ ನೋಡ್ತೀನಿ."

ನಾನೇನೂ ಅಳುತ್ತಿರಲಿಲ್ಲ. ಬೆಳಿಗ್ಗೆ ತಿಂಡಿಯ ಸುಸಲಾಕ್ಕೆ ಉಳ್ಳಾಗಡ್ಡಿ ಹೆಚ್ಚಿದವನು ನಾನೇ. ಅದರ ಘಾಟು ಒಮ್ಮೊಮ್ಮೆ ತಡವಾಗಿ ಏರುತ್ತದೆ. ಶ್ರೀವಿದ್ಯಾ ಮಿಸ್ಸು ತಪ್ಪು ತಿಳಿದು ನನ್ನ ಕೈಗೂ ಒಂದು ಬಿಸ್ಕೀಟು ಇಟ್ಟು ಬಾಗಿಲು ಹಾಕಿಕೊಂಡರು. ಅವರ ಮನಸ್ಸು ನೋಯಿಸಬಾರದೆಂದು ಅಲ್ಲೇ ನಿಂತು ತಿಂದೆ.